ಕೈಕೆಲಸಕ್ಕೆ ಬೆಲೆ ಕೇಳಿದ ಕಮಲಾದೇವಿ

ಈ ಸಲ ಕೈಕೆಲಸದ ಬಗ್ಗೆ ಏನಾದ್ರೂ ಬರೆದುಕೊಡಿ ಅಂತ ಕನ್ನಡ ಬಳಗದ ಗ್ರೂಪಿನಲ್ಲಿ ಮೆಸೇಜ್ ಬಂತು. ನಾವು ಪಾಲಿಮರ್ ಕ್ಲೇ ಓಲೆ ಮಾಡುವ ವಿಧಾನ ಬರೆದುಕೊಡ್ತೀವಿ ಅಂತಲೇ ಎಲ್ಲರೂ ಅಂದುಕೊಂಡರು. ವಿದ್ಯಾರಣ್ಯಪುರಂನ ಬಾಡಿಗೆ ಮನೆಯಲ್ಲಿರುವ ನಾವು ಮೂವರು ಓದೋದಕ್ಕಿಂತ ಹೆಚ್ಚು ಹೊತ್ತು ಮಣಿ ಉರುಳಿಸ್ತೀವಿ ಅನ್ನೋದು ಕ್ಲಾಸಿನಲ್ಲಿ ಹಳೇ ಜೋಕು. ವಿಧಾನವನ್ನೂ ಸ್ವಲ್ಪ ಹೇಳ್ತೀವಿ. ಆದರೆ ಈ ಬರಹ ಇರೋದು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಬಗ್ಗೆ. 2018ರ ಏಪ್ರಿಲ್ 3ರಂದು ಗೂಗಲ್ ತೆರೆದವರಿಗೆ ಅವರ ಡೂಡಲ್ ಕಂಡಿರುತ್ತೆ, ಅವತ್ತು ಅವರು ಹುಟ್ಟಿ 115 ವರ್ಷ. ಶಾಲೆಯ ಪಾಠದಲ್ಲಿ ಅವರು ಸ್ವಾತಂತ್ರ್ಯ ಹೋರಾಟಗಾರರ ಉದ್ದ ಪಟ್ಟಿಯಲ್ಲಿ ಒಂದು ಹೆಸರು, ಅಷ್ಟೇ. ಕೈಯಲ್ಲಿ ಮಾಡಿದ ವಸ್ತುವಿಗೂ ಅವರಿಗೂ ಏನು ಸಂಬಂಧ ಅಂತ ಕೇಳಿದರೆ ನಮ್ಮ ಬ್ಯಾಚಿನಲ್ಲಿ ಹತ್ತು ಜನ ಉತ್ತರ ಹೇಳಲ್ಲ.

ಕಮಲಾದೇವಿ ಹುಟ್ಟಿದ್ದು 1903ರಲ್ಲಿ, ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಮಂಗಳೂರಿನಲ್ಲಿ ದೊಡ್ಡ ಸರ್ಕಾರಿ ಅಧಿಕಾರಿ. ತಾಯಿ ಗಿರಿಜಾಬಾಯಿ ಓದಿಕೊಂಡವರು, ಧೈರ್ಯದವರು. ರಾನಡೆ, ಗೋಖಲೆ ಅಂಥವರ ಪರಿಚಯವಿದ್ದ ಮನೆ. ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇಲ್ಲದ ಬಾಲ್ಯ. ಆದರೆ ಮೊದಲು ಅಕ್ಕ ಸಗುಣಾ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅಕ್ಕನನ್ನೇ ನೋಡಿಕೊಂಡು ಬೆಳೆಯುತ್ತಿದ್ದ ಹುಡುಗಿಗೆ ಅದು ದೊಡ್ಡ ಪೆಟ್ಟು. ಆಮೇಲೆ, ಕಮಲಾದೇವಿಗೆ ಏಳು ವರ್ಷವಿದ್ದಾಗ, ತಂದೆಯೂ ಹೋದರು.

ತಂದೆ ಉಯಿಲು ಬರೆದಿಟ್ಟಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿಗೆ, ಮಗಳಿಗೆ ಸಿಗಬೇಕಾದದ್ದು ತಿಂಗಳಿಗೆ ಇಷ್ಟು ಅಂತ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ಬೇಡ ಅಂದುಬಿಟ್ಟರು. ತವರಿನಿಂದ ಬಂದ ಆಸ್ತಿಯಲ್ಲೇ ಮಗಳನ್ನು ಸಾಕಿದರು. ನಿನ್ನೆಯವರೆಗೂ ತಮ್ಮದಾಗಿದ್ದ ಮನೆ ಇವತ್ತು ಕಾಗದದ ಮೇಲೆ ಇನ್ನೊಬ್ಬರದು ಅನ್ನೋದನ್ನು ಏಳು ವರ್ಷದ ಹುಡುಗಿ ಕಣ್ಣಾರೆ ನೋಡಿದಳು. ಹಿಂದೂ ಹೆಣ್ಣುಮಕ್ಕಳಿಗೆ ತಂದೆಯ ಸ್ವಂತ ಆಸ್ತಿಯಲ್ಲಿ ಗಂಡುಮಕ್ಕಳ ಹಾಗೆ ಪಾಲು ಸಿಕ್ಕಿದ್ದು 1956ರಲ್ಲಿ. ದೇಶದ ಎಲ್ಲ ಕಡೆ ಪಿತ್ರಾರ್ಜಿತ ಆಸ್ತಿಯಲ್ಲೂ ಸಮಪಾಲು ಅಂತಾಗಿದ್ದು 2005ರಲ್ಲಿ, ಅಂದರೆ ನಾವು ಹುಟ್ಟುವ ಹೊತ್ತಿಗೆ! ಕಮಲಾದೇವಿ ಮುಂದೆ ಏನೇನು ಮಾಡಿದರೋ ಅದಕ್ಕೆಲ್ಲ ಬೇರು ಇಲ್ಲೇ ಇದೆ ಅಂತ ನಮಗೆ ಅನ್ನಿಸುತ್ತೆ. ಹೆಣ್ಣಿಗೆ ಅವಳದೇ ದುಡಿಮೆಯ ದುಡ್ಡು ಇರಬೇಕು ಅನ್ನೋ ಹಟ ಅವರಿಗೆ ಪುಸ್ತಕ ಓದಿ ಬಂದದ್ದಲ್ಲ.

ಹದಿನಾಲ್ಕಕ್ಕೆ ಮದುವೆ ಆಯಿತು. ಎರಡು ವರ್ಷ ಆಗುವಷ್ಟರಲ್ಲಿ ಗಂಡ ಕೃಷ್ಣರಾವ್ ತೀರಿಕೊಂಡರು. ಆ ಕಾಲದಲ್ಲಿ ವಿಧವೆಯಾದ ಹುಡುಗಿಯ ಕಥೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತಿತ್ತು. ಇವರದು ಮುಗಿಯಲಿಲ್ಲ. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದಲು ಹೋದರು. ಅಲ್ಲಿ ಸುಹಾಸಿನಿ ಅನ್ನುವ ಗೆಳತಿ ಸಿಕ್ಕರು, ಸರೋಜಿನಿ ನಾಯ್ಡು ಅವರ ತಂಗಿ. ಆ ಗೆಳೆತನದಿಂದ ಸುಹಾಸಿನಿಯ ಅಣ್ಣ, ಕವಿ ಮತ್ತು ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು, ಮದುವೆಯೂ ಆಯಿತು. ವಿಧವೆ ಮರುಮದುವೆಯಾಗೋದು, ಅದೂ ಬೇರೆ ಭಾಷೆಯವರನ್ನು! ನೆಂಟರ ಬಾಯಿಗೆ ಸಾಕಷ್ಟು ಕೆಲಸ ಸಿಕ್ಕಿರಬೇಕು. ಇಬ್ಬರೂ ಇಂಗ್ಲೆಂಡಿಗೆ ಹೋದರು, ಕಮಲಾದೇವಿ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ರಾಮಕೃಷ್ಣ ಅನ್ನುವ ಮಗ ಹುಟ್ಟಿದ. ಗಂಡ ಹೆಂಡತಿ ಸೇರಿ ನಾಟಕಗಳನ್ನೂ ಆಡಿದರು. ಮುಂದೆ ಇಬ್ಬರೂ ಬೇರೆಯಾದರು. ಅದರ ಬಗ್ಗೆ ನಾವು ಹೆಚ್ಚು ಹೇಳಲ್ಲ, ಅದು ಅವರಿಬ್ಬರ ವಿಷಯ.

ರಾಜಕೀಯದ ಭಾಗವನ್ನು ಸ್ವಲ್ಪ ಬೇಗ ಮುಗಿಸ್ತೀವಿ. 1926ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯದಿಂದ ಮದ್ರಾಸ್ ಪ್ರಾಂತ್ಯದ ಶಾಸನಸಭೆಗೆ ನಿಂತರು. ಈ ದೇಶದಲ್ಲಿ ಹಾಗೆ ಚುನಾವಣೆಗೆ ನಿಂತ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಪ್ರಚಾರಕ್ಕೆ ಸಮಯವೇ ಇಲ್ಲದಿದ್ದರೂ ಸೋತಿದ್ದು ತುಂಬಾ ಕಡಿಮೆ ಮತಗಳಿಂದ. ಅಖಿಲ ಭಾರತ ಮಹಿಳಾ ಸಮ್ಮೇಳನ ಕಟ್ಟೋದಕ್ಕೆ ದುಡಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು. ಹಲವು ಸಲ ಜೈಲಿಗೂ ಹೋದರು.

ಆದರೆ 1930ರ ಉಪ್ಪಿನ ಕಥೆಯನ್ನು ಮಾತ್ರ ಓಡಿಸಲು ಮನಸ್ಸಿಲ್ಲ. ಗಾಂಧೀಜಿ ದಂಡಿಗೆ ಹೊರಟಾಗ ಜೊತೆಯಲ್ಲಿ ಗಂಡಸರು ಮಾತ್ರ ಇದ್ದರು. ಕಮಲಾದೇವಿ ಹೋಗಿ ಅವರನ್ನು ಕಂಡು, ಹೆಂಗಸರೂ ಸತ್ಯಾಗ್ರಹದಲ್ಲಿ ನೇರವಾಗಿ ಇಳಿಯಬೇಕು ಅಂತ ಒಪ್ಪಿಸಿದರು. ಆಮೇಲೆ ಬೊಂಬಾಯಿಯ ಕಡಲ ದಂಡೆಯಲ್ಲಿ ಒಲೆ ಹೂಡಿ, ನೀರು ಕಾಯಿಸಿ ಉಪ್ಪು ತೆಗೆದರು. ತೆಗೆದ ಉಪ್ಪನ್ನು ಪೊಟ್ಟಣ ಕಟ್ಟಿ ಮಾರಿದರು. ಎಲ್ಲಿಯವರೆಗೆ ಅಂದರೆ ಬೊಂಬಾಯಿ ಷೇರು ಮಾರುಕಟ್ಟೆಯ ಒಳಗೇ ನುಗ್ಗಿ, ಹತ್ತಿ ಬೆಳ್ಳಿ ಷೇರು ಅಂತ ಕೂಗುತ್ತಿದ್ದವರ ಮಧ್ಯೆ ಉಪ್ಪಿನ ಪೊಟ್ಟಣ ಮಾರಲು ನಿಂತರು. ಅರೆಸ್ಟ್ ಆದರು, ಒಂದು ವರ್ಷದ ಹತ್ತಿರ ಜೈಲು. ಸ್ವಾತಂತ್ರ್ಯ ಚಳವಳಿಯ ಕಥೆಯಾಗಿ ಇದನ್ನು ಬೇಕಾದಷ್ಟು ಜನ ಹೇಳಿದ್ದಾರೆ. ನಮಗೆ ಬೇರೆ ಒಂದು ವಿಷಯ ಕಾಣುತ್ತೆ. ಕೈಯಲ್ಲಿ ಮಾಡಿದ ಒಂದು ವಸ್ತುವನ್ನು, ಮಾಡಿದವಳೇ ಹೊತ್ತು ತಂದು, ದೇಶದ ಅತಿ ದೊಡ್ಡ ಮಾರುಕಟ್ಟೆಯ ಮಧ್ಯೆ ಇಟ್ಟು ಇದಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳೋದು. ಮುಂದೆ ಸ್ವತಂತ್ರ ಭಾರತದಲ್ಲಿ ಅವರು ಮಾಡಿದ್ದೂ ಇದೇ ಕೆಲಸ. ಉಪ್ಪಿನ ಜಾಗಕ್ಕೆ ಗೊಂಬೆ, ಮಣಿ, ಸೀರೆ, ಮಡಕೆ ಬಂದವು.

ಉಪ್ಪಿನ ಮಾರನೇ ವರ್ಷ, 1931ರಲ್ಲಿ, ಅವರು ಸಿನಿಮಾದಲ್ಲೂ ಕಾಣಿಸಿಕೊಂಡರು. ಮೋಹನ್ ಭವನಾನಿ ನಿರ್ದೇಶಿಸಿದ ಮೂಕಿ ಚಿತ್ರ ಮೃಚ್ಛಕಟಿಕ. ನಮ್ಮ ಟಿ.ಪಿ. ಕೈಲಾಸಂ ಕೂಡ ಅದರಲ್ಲಿದ್ದರು. ಒಳ್ಳೆ ಮನೆತನದ ಹೆಂಗಸರು ಸಿನಿಮಾದಲ್ಲಿ ನಟಿಸೋದು ಅಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಮೃಚ್ಛಕಟಿಕ ಅಂದರೆ ಮಣ್ಣಿನ ಪುಟ್ಟ ಬಂಡಿ. ಶೂದ್ರಕನ ನಾಟಕದಲ್ಲಿ ಚಾರುದತ್ತನ ಮಗ ಪಕ್ಕದ ಮನೆಯ ಹುಡುಗನ ಚಿನ್ನದ ಬಂಡಿಯೇ ಬೇಕು, ಮಣ್ಣಿನದು ಬೇಡ ಅಂತ ಅಳುತ್ತಾನೆ. ವಸಂತಸೇನೆ ಮೈಮೇಲಿನ ಒಡವೆ ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ, ಇದರಿಂದ ಚಿನ್ನದ ಬಂಡಿ ಮಾಡಿಸಿಕೋ ಅಂತ. ಪಾಪ, ಆ ಒಡವೆಗಳೇ ಮುಂದೆ ಕೋರ್ಟಿನಲ್ಲಿ ಚಾರುದತ್ತನ ವಿರುದ್ಧ ಸಾಕ್ಷಿಯಾಗುತ್ತವೆ. ಮಣ್ಣಿನ ಒಡವೆ ಮಾಡಿ ಮಾರುವ ನಮಗೆ ಈ ಕಥೆಯಲ್ಲಿ ಇಷ್ಟವಾಗೋದು ಆ ಮಗುವಿನ ಅಳು. ಪ್ರತಿ ಫೆಸ್ಟಿನಲ್ಲೂ ನಮ್ಮ ಸ್ಟಾಲಿಗೆ ಯಾರಾದರೂ ಬಂದು ಓಲೆ ಕೈಗೆತ್ತಿಕೊಂಡು, ಚೆನ್ನಾಗಿದೆ, ಆದರೆ ಮಣ್ಣಿಗೆ ಇಷ್ಟು ದುಡ್ಡಾ ಅಂತ ಕೇಳೇ ಕೇಳ್ತಾರೆ.

ನಮ್ಮದು ಮಣ್ಣು ಕೂಡ ಅಲ್ಲ ಅನ್ನಿ. ಪಾಲಿಮರ್ ಕ್ಲೇ ಅಂದರೆ ನುಣ್ಣಗಿನ ಪಿವಿಸಿ ಪುಡಿ, ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಸರ್ ದ್ರವ, ಜೊತೆಗೆ ಬಣ್ಣ. ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತೆ. ಬೇರೆ ಬೇರೆ ಬಣ್ಣದ ಎಳೆಗಳನ್ನು ಒಟ್ಟಿಗೆ ಕಟ್ಟಿ ಒಂದು ದಪ್ಪ ಕೋಲು ಮಾಡಿದರೆ, ಆ ಕೋಲನ್ನು ಎಲ್ಲಿ ಕೊಯ್ದರೂ ಒಂದೇ ಹೂವಿನ ಚಿತ್ರ ಬರುತ್ತೆ. ಕೋಲನ್ನು ಒತ್ತಿ ಎಳೆದು ತೆಳ್ಳಗೆ ಮಾಡಿದರೆ ಹೂವೂ ಅಷ್ಟೇ ಪ್ರಮಾಣದಲ್ಲಿ ಚಿಕ್ಕದಾಗುತ್ತೆ. ಡಿಸೈನ್ ಅಂದರೆ ಅಲ್ಲಿ ಇದೇ, ಕೊಯ್ಯುವ ಮುಂಚೆಯೇ ಒಳಗಿನ ಚಿತ್ರ ತಲೆಯಲ್ಲಿರಬೇಕು. ತೆಳ್ಳಗಿನ ಬಿಲ್ಲೆಗಳನ್ನು ಕೊಯ್ದು ಮಣಿಯ ಮೇಲೆ ಅಂಟಿಸಿ, ಅಂಗೈಯಲ್ಲಿ ಉರುಳಿಸಿ, ಸೂಜಿಯಿಂದ ತೂತು ಮಾಡಿ, ಓಟಿಜಿಯಲ್ಲಿ 110ರಿಂದ 130 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಬೇಕು. ಪ್ಯಾಕೆಟ್ಟಿನ ಮೇಲೆ ಹೇಳಿದ ಡಿಗ್ರಿ ಮೀರಿಸಬಾರದು, ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತೆ. ಆ ಟ್ರೇಯಲ್ಲಿ ತಿನ್ನೋ ಪದಾರ್ಥ ಮಾಡಲೂಬಾರದು. ಮೆಟೀರಿಯಲ್ಸ್ ಪೇಪರ್ ಬರೆಯುವವರಿಗೆ ಒಂದು ಮಾತು: ಇಲ್ಲಿ ಬೇಕಲೈಟಿನ ಹಾಗೆ ಸರಪಳಿಗಳು ಅಡ್ಡಡ್ಡ ಕಟ್ಟಿಕೊಳ್ಳಲ್ಲ. ಬಿಸಿಗೆ ಪಿವಿಸಿ ಕಣಗಳು ಪ್ಲಾಸ್ಟಿಸೈಸರನ್ನು ಹೀರಿ ಉಬ್ಬಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಅಷ್ಟೇ.

ಇದು ಫಾರಿನ್ ಐಟಂ ಅಂತ ಮೂಗು ಮುರಿಯುವವರು ಚನ್ನಪಟ್ಟಣದವರೆಗೆ ಒಂದು ಸಲ ಹೋಗಿಬರಬೇಕು. ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಟ್ರೈನು ಅಲ್ಲಿ ನಿಲ್ಲುತ್ತೆ. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಮಣಿಯ ಆಕಾರಕ್ಕೆ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತೆ. ಆಮೇಲೆ ಗರಿಯಿಂದ ಉಜ್ಜಿದರೆ ಕನ್ನಡಿ ಥರ ಹೊಳಪು. ಒಲೆ ಇಲ್ಲ, ಬ್ರಷ್ ಇಲ್ಲ. ಆ ಅರಗು ಒಂದು ಕೀಟ ಮರದ ರಸ ಹೀರಿ ಮಾಡಿದ ರಾಳ, ಅದೂ ಪ್ರಕೃತಿಯ ಪಾಲಿಮರೇ. ನಮ್ಮ ಅಜ್ಜಿಯರು ತೊಟ್ಟ ಅರಗಿನ ಬಳೆ ಲೆಕ್ಕಕ್ಕೆ ತಗೊಂಡರೆ ಪಾಲಿಮರ್ ಒಡವೆ ಈ ನಾಡಿಗೆ ಹೊಸದೇನಲ್ಲ.

ಕಮಲಾದೇವಿ ಈ ಲೋಕಕ್ಕೆ ಬಂದದ್ದು ಅಂದಚೆಂದದ ದಾರಿಯಿಂದಲ್ಲ, ನಿರಾಶ್ರಿತರ ದಾರಿಯಿಂದ. 1947ರಲ್ಲಿ ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ಎಲ್ಲ ಬಿಟ್ಟು ದೆಹಲಿಯ ಸುತ್ತ ಬಂದು ಬಿದ್ದರು. ಅವರ ಜೊತೆ ಚಳವಳಿಯಲ್ಲಿದ್ದ ಎಷ್ಟೋ ಜನ ಆಗ ಅಧಿಕಾರದ ಕುರ್ಚಿಗಳಲ್ಲಿ ಕೂತರು. ಇವರು ಕ್ಯಾಂಪುಗಳಿಗೆ ಹೋದರು. ಇಂಡಿಯನ್ ಕೋ-ಆಪರೇಟಿವ್ ಯೂನಿಯನ್ ಅನ್ನುವ ಸಂಸ್ಥೆ ಕಟ್ಟಿ, ಛತರ್‌ಪುರದಲ್ಲಿ ನಿರಾಶ್ರಿತರಿಂದಲೇ ಸಹಕಾರಿ ಬೇಸಾಯ ಶುರು ಮಾಡಿಸಿದರು. ವಾಯುವ್ಯ ಗಡಿ ಪ್ರಾಂತ್ಯದಿಂದ ಬಂದ ಸುಮಾರು 50,000 ಜನಕ್ಕಾಗಿ ಫರೀದಾಬಾದ್ ಊರು ಎದ್ದು ನಿಂತಾಗ ಆ ಕೆಲಸದ ಹಿಂದೆಯೂ ಇದ್ದರು. ಮನೆ ಕಳೆದುಕೊಂಡವರಿಗೆ ಕಂಬಳಿ, ಊಟ ಕೊಡೋದು ಒಂದು ಥರ. ಇವರ ಪ್ರಶ್ನೆ ಬೇರೆ ಇತ್ತು: ಇವರ ಕೈಗೆ ಏನು ಕೆಲಸ ಗೊತ್ತು? ಕಸೂತಿ ಗೊತ್ತಿದ್ದ ಹೆಂಗಸು, ನೇಯ್ಗೆ ಗೊತ್ತಿದ್ದ ಗಂಡಸು ಎಲ್ಲವನ್ನೂ ಕಳೆದುಕೊಂಡಿದ್ದರೂ ಅವರ ಬೆರಳಿನಲ್ಲಿದ್ದ ವಿದ್ಯೆಯನ್ನು ಯಾವ ಗಡಿಯೂ ಕಿತ್ತುಕೊಂಡಿರಲಿಲ್ಲ. ಏಳು ವರ್ಷಕ್ಕೇ ಮನೆ ಕಳೆದುಕೊಂಡಿದ್ದವರಿಗೆ ಈ ಲೆಕ್ಕ ಬೇಗ ಅರ್ಥವಾಗಿರಬೇಕು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾಯಿತು, ಅದರ ಮುಂದಾಳತ್ವ ಕಮಲಾದೇವಿಯವರಿಗೆ ಬಂತು. ಆ ಕಾಲವನ್ನು ಸ್ವಲ್ಪ ಊಹಿಸಿಕೊಳ್ಳಿ. ದೇಶದ ತುಂಬಾ ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಐಐಟಿ. ನಮ್ಮಂಥ ಎಂಜಿನಿಯರುಗಳ ಸುವರ್ಣಯುಗ. ಅಂಥ ಹೊತ್ತಿನಲ್ಲಿ ಮಡಕೆ, ಚಾಪೆ, ಬಳೆ ಅಂತ ಮಾತಾಡುವವರನ್ನು ಹಳೇ ಕಾಲದವರು ಅಂತ ಬದಿಗೆ ಸರಿಸೋದು ಸುಲಭ. ಕಮಲಾದೇವಿ ಕೈಕೆಲಸವನ್ನು ಮ್ಯೂಸಿಯಂ ವಸ್ತು ಅಂತ ವಾದಿಸಿದ್ದರೆ ಹಾಗೇ ಆಗುತ್ತಿತ್ತೇನೋ. ಅವರು ಅದನ್ನು ಉದ್ಯೋಗ ಅಂತ ನೋಡಿದರು. ಹೊಲದ ಕೆಲಸ ಬಿಟ್ಟರೆ ಈ ದೇಶದಲ್ಲಿ ಅತಿ ಹೆಚ್ಚು ಜನರ ಹೊಟ್ಟೆ ತುಂಬಿಸುವ ಕೆಲಸಗಳಲ್ಲಿ ಕೈಮಗ್ಗ, ಕರಕುಶಲ ಮುಂದಿದ್ದವು. ಮನೆಯಿಂದ ಹೊರಗೆ ಬರಲಾಗದ ಹೆಂಗಸಿಗೆ ಕೈಗೆ ನಾಲ್ಕು ಕಾಸು ಬರುವ ದಾರಿಯೂ ಅದೇ ಆಗಿತ್ತು.

ಅವರು ಊರೂರು ಸುತ್ತಿದರು. ಹಳ್ಳಿ ಹಳ್ಳಿಯಲ್ಲಿ ಯಾರ ಕೈಯಲ್ಲಿ ಯಾವ ವಿದ್ಯೆ ಇದೆ ಅಂತ ಹುಡುಕಿದರು. ಜೈಪುರದ ನೀಲಿ ಕುಂಬಾರಿಕೆ ಆಗ ಸತ್ತೇಹೋಗುವ ಹಂತದಲ್ಲಿತ್ತು. ನಮಗೆ ಇದು ಬಹಳ ಇಂಟರೆಸ್ಟಿಂಗ್, ಯಾಕಂದ್ರೆ ಅದರಲ್ಲಿ ಮಾಮೂಲಿ ಜೇಡಿಮಣ್ಣೇ ಇಲ್ಲ. ಬಿಳಿಕಲ್ಲಿನ ಪುಡಿ, ಗಾಜಿನ ಪುಡಿ, ಸ್ವಲ್ಪ ಮುಲ್ತಾನಿ ಮಿಟ್ಟಿ, ಗೋಂದು ಸೇರಿಸಿ ಹಿಟ್ಟಿನ ಹಾಗೆ ನಾದಿ ಅಚ್ಚಿಗೆ ಒತ್ತುತ್ತಾರೆ. ಒಂದೇ ಸಲ ಸುಡುತ್ತಾರೆ. ಕಮಲಾದೇವಿಯವರ ಒತ್ತಾಸೆಯಿಂದ ಕೃಪಾಲ್ ಸಿಂಗ್ ಶೇಖಾವತ್ ಅನ್ನುವ ಕಲಾವಿದ ಆ ವಿದ್ಯೆಯನ್ನು ಮತ್ತೆ ಎಬ್ಬಿಸಿದರು. ಇವತ್ತು ಜೈಪುರದಿಂದ ನೀಲಿ ಮಣಿಯ ಸರ ತಂದು ಹಾಕಿಕೊಳ್ಳುವವರು ನಮ್ಮ ಹಾಸ್ಟೆಲಿನಲ್ಲೇ ಇದ್ದಾರೆ. ಶ್ರೀಕಾಳಹಸ್ತಿಯ ಕಲಂಕಾರಿಗೂ ಹೀಗೇ ತರಬೇತಿಯ ವ್ಯವಸ್ಥೆ ಆಯಿತು. ಕೈಮಗ್ಗದವರು ಅವರನ್ನು ಮಗ್ಗದ ತಾಯಿ ಅನ್ನುವ ಅರ್ಥದಲ್ಲಿ ಹಾಥ್‌ಕರ್ಘಾ ಮಾ ಅಂತ ಕರೆದರು.

ಇಷ್ಟೇ ಆಗಿದ್ದರೆ ಒಳ್ಳೆಯ ಮನಸ್ಸಿನ ದೊಡ್ಡ ಹೆಂಗಸು ಅಂತ ಹೇಳಿ ನಾವು ಸುಮ್ಮನಾಗ್ತಿದ್ವಿ. ಅವರು ಮಾಡಿದ್ದು ಒಂದು ಇಡೀ ಸಿಸ್ಟಮ್. ಮಂಡಳಿ ದೆಹಲಿ, ಬೊಂಬಾಯಿ, ಕಲ್ಕತ್ತ, ಬೆಂಗಳೂರು ಹೀಗೆ ನಾಲ್ಕು ಕಡೆ ಡಿಸೈನ್ ಕೇಂದ್ರಗಳನ್ನು ತೆರೆಯಿತು. ಹಳೇ ಕುಸುರಿಯವರು, ಹೊಸದಾಗಿ ಓದಿ ಬಂದ ಡಿಸೈನರುಗಳು ಒಂದೇ ಸೂರಿನ ಕೆಳಗೆ ಕೂತು ಹೊಸ ಮಾದರಿ ಮಾಡೋದು, ಅದನ್ನು ಊರಿನ ಕೆಲಸಗಾರರಿಗೆ ತಲುಪಿಸೋದು. ಇದರಲ್ಲಿ ಒಂದು ಅಪಾಯವೂ ಇದೆ ಅಂತ ನಮಗೆ ಅನ್ನಿಸುತ್ತೆ. ಓದಿದವನು ಬರೆಯುವವ, ಕೆಲಸಗಾರ ಬರೆದದ್ದನ್ನು ಮಾಡುವವ ಅಂತ ಆಗಿಬಿಟ್ಟರೆ ಅದು ಇನ್ನೊಂದು ಕಾರ್ಖಾನೆಯೇ. ಆದರೆ ಡಿಸೈನ್ ಮಾಡೋ ತಲೆ, ಮಾಡೋ ಕೈ ಎರಡೂ ಒಬ್ಬನಲ್ಲೇ ಇರೋದೇ ಕುಶಲಕರ್ಮಿಯ ಗುರುತು ಅನ್ನೋದನ್ನು ಕಮಲಾದೇವಿ ತಮ್ಮ ಪುಸ್ತಕಗಳಲ್ಲಿ ಮತ್ತೆ ಮತ್ತೆ ವಿವರಿಸಿದ್ದಾರೆ. 1965ರಿಂದ ಮಾಸ್ಟರ್ ಕ್ರಾಫ್ಟ್ಸ್‌ಮೆನ್‌ಗೆ ರಾಷ್ಟ್ರಪ್ರಶಸ್ತಿ ಕೊಡಲು ಶುರುವಾಯಿತು. ಅಲ್ಲಿಯವರೆಗೆ ಗೊಂಬೆಗೆ ಊರಿನ ಹೆಸರಿತ್ತು, ಸೀರೆಗೆ ಊರಿನ ಹೆಸರಿತ್ತು, ಮಾಡಿದವರಿಗೆ ಹೆಸರಿರಲಿಲ್ಲ. ಪ್ರಶಸ್ತಿ ಅಂದರೆ ಒಂದು ಕಾಗದ, ಸ್ವಲ್ಪ ದುಡ್ಡು, ನಿಜ. ಆದರೂ ರಾಷ್ಟ್ರಪತಿ ಭವನದಲ್ಲಿ ಬಡಗಿಯ, ನೇಕಾರನ ಹೆಸರು ಕೂಗಿ ಕರೆಯೋದು ಸಣ್ಣ ವಿಷಯವಲ್ಲ.

ಮಾರೋದಕ್ಕೆ ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಇತ್ತು. ಐವತ್ತರ ದಶಕದಲ್ಲಿ ಅದನ್ನು ನಡೆಸಿದ್ದು ಕಮಲಾದೇವಿಯವರ ಸಹಕಾರಿ ಯೂನಿಯನ್ನೇ. ಅಲ್ಲಿಯವರೆಗೆ ಕುಶಲಕರ್ಮಿಗೂ ಗಿರಾಕಿಗೂ ಮಧ್ಯೆ ಇದ್ದದ್ದು ದಲ್ಲಾಳಿ, ಸಾಹುಕಾರ. ಸಾಮಾನು ಕೊಳ್ಳೋಕೆ ಮುಂಗಡ ಕೊಟ್ಟವನೇ ಬೆಲೆ ಹೇಳುತ್ತಿದ್ದ. ಒಳ್ಳೇ ಅಂಗಡಿ, ಒಳ್ಳೇ ಬೆಳಕು, ನೀಟಾಗಿ ಜೋಡಿಸಿದ ಕಪಾಟು, ಮೇಲೆ ಬೆಲೆಯ ಚೀಟಿ. ಇದರಿಂದ ಚೌಕಾಸಿ ನಿಂತಿತು. ದುಡ್ಡಿರುವ ಮನೆಗಳಲ್ಲಿ ಕೈಮಗ್ಗದ ಸೀರೆ ಉಡೋದು, ಹಳ್ಳಿಯ ಬೆಳ್ಳಿಯೊಡವೆ ಹಾಕೋದು ಬಡತನದ ಗುರುತಾಗಿದ್ದದ್ದು ಹೋಗಿ ಅಭಿರುಚಿಯ ಗುರುತಾಯಿತು. ಕಮಲಾದೇವಿ ತಾವೇ ಕೈಮಗ್ಗದ ಸೀರೆ ಉಟ್ಟು, ತಲೆಗೆ ಹೂ ಮುಡಿದು ಎಲ್ಲ ಕಡೆ ಓಡಾಡಿದರು. ಈಗಿನ ಭಾಷೆಯಲ್ಲಿ ಹೇಳೋದಾದರೆ ಅವರೇ ಬ್ರ್ಯಾಂಡ್ ಅಂಬಾಸಿಡರ್.

ಇಲ್ಲಿ ನಮ್ಮ ಮನೆಯ ಒಂದು ಜಗಳ ಹೇಳಿಬಿಡ್ತೀವಿ, ಯಾಕಂದ್ರೆ ಈ ಬರಹ ಶುರುವಾಗಿದ್ದೇ ಅದರಿಂದ. ಹೋದ ಸೆಮ್ಮಿನಲ್ಲಿ ಒಂದು ಅಂಗಡಿಯವರು ನಮ್ಮ ಓಲೆ ನೋಡಿ 100 ಜೊತೆ ಬೇಕು ಅಂದರು. ನಾವು ಸ್ಟಾಲಿನಲ್ಲಿ ಜೊತೆಗೆ 180 ರೂಪಾಯಿಗೆ ಮಾರುವುದಕ್ಕೆ ಅವರು 60 ಹೇಳಿದರು. ಎಲ್ಲ ಒಂದೇ ಥರ ಇರಲಿ, ಸಿಲಿಕೋನ್ ಅಚ್ಚು ತಗೊಳ್ಳಿ, ನಿಮ್ಮ ಹೆಸರಿನ ಕಾರ್ಡ್ ಬೇಡ, ನಮ್ಮ ಲೇಬಲ್ ಹಾಕ್ತೀವಿ, ಆದರೆ ಹ್ಯಾಂಡ್‌ಮೇಡ್ ಅಂತಲೇ ಬರೀತೀವಿ ಅಂದರು. ಮನೆಗೆ ಬಂದು ಲೆಕ್ಕ ಹಾಕಿದೆವು. ನಾದೋದು, ಕೋಲು ಕಟ್ಟೋದು, ಬೇಯಿಸೋದು, ಉಪ್ಪುಕಾಗದದಲ್ಲಿ ಉಜ್ಜೋದು, ಕೊಂಡಿ ಸಿಕ್ಕಿಸೋದು ಎಲ್ಲ ಸೇರಿ ಒಂದು ಜೊತೆಗೆ ಹತ್ತಿರ ಹತ್ತಿರ ಎರಡು ಗಂಟೆ. ಕ್ಲೇ, ಕೊಂಡಿ, ಕರೆಂಟು ಕಳೆದರೆ 60ರಲ್ಲಿ ಉಳಿಯೋದು ಏನೂ ಇಲ್ಲ. ನಮ್ಮಲ್ಲಿ ಒಬ್ಬರು ಬೇಡವೇ ಬೇಡ ಅಂದರು. ಒಬ್ಬರು ಅಚ್ಚಿನಲ್ಲಿ ಒತ್ತಿದರೆ ಹತ್ತು ನಿಮಿಷ, ಎಂಜಿನಿಯರಿಂಗ್ ಓದ್ತಾ ಪ್ರೊಸೆಸ್ ಸುಧಾರಿಸೋಕೆ ಇಷ್ಟು ಸಂಕಟ ಯಾಕೆ ಅಂದರು. ಮೂರನೆಯವರು ಸುಮ್ಮನಿದ್ದರು. ಅವರ ಮೆಸ್ ಬಿಲ್ಲು, ಪರೀಕ್ಷೆ ಫೀಸು ಹೋಗೋದು ಈ ಓಲೆಯ ದುಡ್ಡಿನಿಂದಲೇ. ಮನೆಯಿಂದ ಕೇಳುವ ಸ್ಥಿತಿ ಇಲ್ಲ. ಆರು ಸಾವಿರ ಒಟ್ಟಿಗೆ ಬರೋದು ಅವರಿಗೆ ತತ್ವದ ಪ್ರಶ್ನೆಯಲ್ಲ.

ಅಚ್ಚು ತಪ್ಪು ಅಂತ ನಾವು ಹೇಳಲ್ಲ. ಜೈಪುರದವರೂ ಅಚ್ಚಿಗೆ ಒತ್ತುತ್ತಾರೆ, ಚನ್ನಪಟ್ಟಣದವರೂ ಲೇತ್ ಹಿಡಿಯುತ್ತಾರೆ. ಕಮಲಾದೇವಿಯವರ ಜೀವನ ಓದಿದ ಮೇಲೆ ನಮ್ಮ ಜಗಳದ ಪ್ರಶ್ನೆಯೇ ಬದಲಾಯಿತು. ಕೈಯಲ್ಲಿ ಮಾಡಿದ್ದಾ ಯಂತ್ರದಲ್ಲಿ ಮಾಡಿದ್ದಾ ಅನ್ನೋದಕ್ಕಿಂತ ಆಕಾರ ಯಾರು ನಿರ್ಧರಿಸ್ತಾರೆ, ಬೆಲೆ ಯಾರು ಹೇಳ್ತಾರೆ, ಹೆಸರು ಯಾರದು ಅನ್ನೋದು ಮುಖ್ಯ ಅನ್ನಿಸಿತು. ಈ ಮೂರರಲ್ಲಿ ಒಂದೂ ನಮ್ಮ ಕೈಯಲ್ಲಿ ಉಳಿಯದಿದ್ದರೆ ನಾವು ಮಾಡೋದು ಕೂಲಿ. ಕೂಲಿ ಅವಮಾನದ ಕೆಲಸವಲ್ಲ, ಆದರೆ ಎರಡು ಗಂಟೆಗೆ ಹತ್ತು ರೂಪಾಯಿಯ ಕೂಲಿಗೆ ಯಾರೂ ಹೋಗಲ್ಲ. ಕೊನೆಗೆ 20 ಜೊತೆ, ನಮ್ಮ ಡಿಸೈನು, ನಮ್ಮ ಕಾರ್ಡು, ಜೊತೆಗೆ 140 ಅಂತ ಬರೆದು ಕಳಿಸಿದೆವು. ಈ ಸಂಚಿಕೆ ಹೊರಡುವವರೆಗೆ ಉತ್ತರ ಬಂದಿಲ್ಲ. ಅಷ್ಟರಲ್ಲಿ ಫೀಸಿನ ಕೊನೇ ದಿನ ಬಂತು, ಮೂವರೂ ಸೇರಿಸಿ ಕಟ್ಟಿದೆವು.

ಕಮಲಾದೇವಿಯವರ ಕಡೆಗೆ ವಾಪಸ್ ಬರೋಣ. 1964ರಲ್ಲಿ ನ್ಯೂಯಾರ್ಕಿನಲ್ಲಿ ಜಗತ್ತಿನ ಕುಶಲಕರ್ಮಿಗಳ ದೊಡ್ಡ ಸಭೆ ಸೇರಿ ವರ್ಲ್ಡ್ ಕ್ರಾಫ್ಟ್ಸ್ ಕೌನ್ಸಿಲ್ ಹುಟ್ಟಿತು. ಅಮೆರಿಕದ ಐಲೀನ್ ಆಸ್ಬಾರ್ನ್ ವೆಬ್ ಜೊತೆ ಅದನ್ನು ಕಟ್ಟಿದವರಲ್ಲಿ ಕಮಲಾದೇವಿಯೂ ಒಬ್ಬರು. ಅದೇ ವರ್ಷ ಮದ್ರಾಸಿನಲ್ಲಿ ಭಾರತದ ಕ್ರಾಫ್ಟ್ಸ್ ಕೌನ್ಸಿಲ್ ಶುರುವಾಯಿತು. ಮುಂದೆ ಕರ್ನಾಟಕದಲ್ಲೂ ಒಂದು ಕೌನ್ಸಿಲ್ ಬಂತು. ನಮ್ಮ ಕೈಯಲ್ಲಿರುವ ಫಿಮೋ ಕ್ಲೇಯ ಕಥೆಯಲ್ಲೂ ಒಬ್ಬ ಕೈಕೆಲಸದ ತಾಯಿ ಇದ್ದಾರೆ. ಜರ್ಮನಿಯ ಗೊಂಬೆ ಕುಶಲಕರ್ಮಿ ಕೇಥೆ ಕ್ರೂಸೆ ಅವರ ಕೈಗೆ ಬಂದ ಒಂದು ಹೊಸ ಪದಾರ್ಥ ಅವರ ಗೊಂಬೆಗಳಿಗೆ ಒಗ್ಗಲಿಲ್ಲ. ಅದನ್ನು ಮಗಳು ಸೋಫಿಗೆ ಕೊಟ್ಟರು. ಸೋಫಿಗೆ ಮನೆಯಲ್ಲಿ ಫಿಫಿ ಅಂತ ಕರೆಯುತ್ತಿದ್ದರು, ಫಿಮೋ ಹೆಸರಿನ ಮೊದಲಕ್ಷರ ಆ ಫಿಫಿಯದೇ. ಮಗಳ ಮುದ್ದಿನ ಹೆಸರು ಜಗತ್ತಿನ ಪ್ಯಾಕೆಟ್ಟುಗಳ ಮೇಲೆ ಕೂತಿದೆ. ಎಷ್ಟು ಕುಶಲಕರ್ಮಿಗಳ ಮಕ್ಕಳಿಗೆ ಈ ಭಾಗ್ಯ ಸಿಕ್ಕಿರಬಹುದು?

ಪ್ರಶಸ್ತಿಗಳ ಪಟ್ಟಿ ಉದ್ದ ಇದೆ. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ, 1974ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್, 1987ರಲ್ಲಿ ಪದ್ಮವಿಭೂಷಣ. ದೆಹಲಿಯ ನ್ಯಾಷನಲ್ ಸ್ಕೂಲ್ ಆಫ್ ಡ್ರಾಮಾ, ಲೇಡಿ ಇರ್ವಿನ್ ಕಾಲೇಜು, ಸಂಗೀತ ನಾಟಕ ಅಕಾಡೆಮಿ ಇವೆಲ್ಲ ಬೆಳೆದು ನಿಂತದ್ದರ ಹಿಂದೆಯೂ ಅವರ ಓಡಾಟ ಇದೆ. ನಾಟಕದ ಹುಚ್ಚು ಇದ್ದವರು ಆ ಭಾಗವನ್ನೇ ಬೇರೆ ಲೇಖನ ಮಾಡಬಹುದು, ಬಳಗದವರು ಬೇಡ ಅನ್ನಲ್ಲ. ಮಂತ್ರಿಯಾಗಲಿಲ್ಲ, ಗವರ್ನರ್ ಆಗಲಿಲ್ಲ. ಅವರ ಕಾಲದ ದೊಡ್ಡವರ ಹೆಸರಿನಲ್ಲಿ ಊರೂರಿಗೆ ಒಂದು ರಸ್ತೆ, ಒಂದು ಸರ್ಕಲ್ ಇದೆ. ಚಾಮುಂಡಿ ಬೆಟ್ಟ ಕಾಣುವ ನಮ್ಮ ಬೀದಿಯಿಂದ ಗಂಧದೆಣ್ಣೆ ಕಾರ್ಖಾನೆ ದಾಟಿ ಮಾನಂದವಾಡಿ ರಸ್ತೆಯಲ್ಲಿ ಕಾಲೇಜಿಗೆ ನಡೆದು ಬರುವಾಗ ಬೋರ್ಡುಗಳನ್ನೆಲ್ಲ ಓದ್ತಾ ಬರ್ತೀವಿ. ಕಮಲಾದೇವಿ ಅನ್ನುವ ಒಂದು ಬೋರ್ಡೂ ನಮಗೆ ಕಂಡಿಲ್ಲ.

ಎಂಬತ್ತು ದಾಟಿದ ಮೇಲೂ ಅವರು ಕುಶಲಕರ್ಮಿಗಳನ್ನು ಹುಡುಕಿಕೊಂಡು ಓಡಾಡುತ್ತಲೇ ಇದ್ದರು, ಬರೆಯುತ್ತಲೇ ಇದ್ದರು. 1986ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಬಂತು. 1988ರ ಅಕ್ಟೋಬರ್ 29ರಂದು, 85ನೇ ವಯಸ್ಸಿನಲ್ಲಿ, ಬೊಂಬಾಯಿಯಲ್ಲಿ ತೀರಿಕೊಂಡರು. ಉಪ್ಪಿನ ಪೊಟ್ಟಣ ಹಿಡಿದು ಷೇರು ಮಾರುಕಟ್ಟೆಗೆ ನುಗ್ಗಿದ್ದು ಅದೇ ಊರಿನಲ್ಲಿ. ದೆಹಲಿಯಲ್ಲಿ ಕ್ರಾಫ್ಟ್ಸ್ ಕೌನ್ಸಿಲ್ ನಡೆಸುವ ಒಂದು ಅಂಗಡಿ ಇದೆ, ದೇಶದ ಕುಶಲಕರ್ಮಿಗಳ ಕೈಕೆಲಸ ಮಾರೋದೇ ಅದರ ಕೆಲಸ. ಅದಕ್ಕೆ ಚಟ್ಟೋಪಾಧ್ಯಾಯ ಅಂತ ಉದ್ದ ಹೆಸರೇನೂ ಇಟ್ಟಿಲ್ಲ. ಬೋರ್ಡಿನ ಮೇಲೆ ಇರೋದು ಬರೀ ಕಮಲಾ.